ಸ್ಟೆಂಟ್ ಹಾಕಿಸಿಕೊಂಡವರಿಗೆ ಯಾವ ಗ್ಯಾಸ್ ಮಾತ್ರೆ? ಹೊಟ್ಟೆ ಕೆಟ್ಟಾಗ ಹೃದ್ರೋಗಿಗಳ ಆಯ್ಕೆಗಳು

“ಅಣ್ಣಾ, ಅಪ್ಪಾಜಿಗೆ ಗ್ಯಾಸ್ಟ್ರಿಕ್ ಜಾಸ್ತಿಯಾಗಿದೆ, ಒಂದು ಶೀಟ್ ಪ್ಯಾನ್-ಡಿ ಕೊಡಿ.” ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತವರಿಗೆ ದಿನವೂ ಕೇಳಿಸುವ ಮಾತು. ಅಪ್ಪಾಜಿ ಬೇರೆ ಯಾವ ಮಾತ್ರೆಯನ್ನೂ ನುಂಗದವರಾದರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಅವರಿಗೆ ಕಳೆದ ವರ್ಷ ಸ್ಟೆಂಟ್ ಹಾಕಿದ್ದರೆ, ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿದ್ದರೆ, ವಾಲ್ವ್ ಬದಲಾಯಿಸಿದ್ದರೆ, ಅದೇ ಶೀಟು ಕೊಡುವ ಮೊದಲು ನಾನು ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ.

ಈನೊ ಕುಡಿಯಲೇ, ಡೈಜೀನ್ ಸಾಕೇ, ಒಮೆಜ್ ಒಳ್ಳೆಯದೋ ಪ್ಯಾನ್ ಒಳ್ಳೆಯದೋ, ಮನೆಯ ಜೀರಿಗೆ ಕಷಾಯವೇ ಕ್ಷೇಮವೇ ಎಂದು ಗೊಂದಲದಲ್ಲಿರುವವರಿಗಾಗಿ ಈ ಹೋಲಿಕೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಬೇಗ ಉರಿ ತಣಿಸುತ್ತದೆ ಎಂಬುದನ್ನು ನೋಡಿ ಹೊಟ್ಟೆಯ ಮದ್ದು ಆರಿಸುವುದು ಎಲ್ಲರ ರೂಢಿ. ಹೃದ್ರೋಗಿಗಳು ಮಾತ್ರ ತಮ್ಮ ಡಬ್ಬಿಯಲ್ಲಿರುವ ಹೃದಯದ ಮಾತ್ರೆಗಳ ಹೆಸರು ನೋಡಿ ಆರಿಸಬೇಕು.

ಇದು ಹೊಟ್ಟೆಯದೇನಾ?

ಹೃದಯಾಘಾತವನ್ನು ಗ್ಯಾಸ್ ಎಂದುಕೊಂಡು ಸೋಡ ಕುಡಿದು ಮಲಗಿದವರ ಕಥೆ ಪ್ರತಿ ಊರಿನಲ್ಲೂ ಇದೆ. ಎದೆಯ ನಡುವೆ ಭಾರ ಅಥವಾ ಬಿಗಿತ, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರಿಗೆ ಕಷ್ಟ, ನಡೆದರೆ ಹೆಚ್ಚಾಗಿ ನಿಂತರೆ ಕಡಿಮೆಯಾಗುವ ಉರಿ: ಇವುಗಳಲ್ಲಿ ಯಾವುದಿದ್ದರೂ ಈ ಲೇಖನ ಮುಚ್ಚಿಟ್ಟು 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಬರೀ ಹೊಟ್ಟೆ ತೊಳಸು, ಸುಸ್ತು, ಮೇಲ್ಹೊಟ್ಟೆ ನೋವಾಗಿಯೂ ಅದು ಬರುತ್ತದೆ. ಡೈಜೀನ್ ಕುಡಿದ ಮೇಲೆ ಕಡಿಮೆಯಾಯಿತು ಎಂಬುದು ಹೃದಯ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಇಸಿಜಿಗಾಗಿ ಬೆಂಗಳೂರಿನ ಜಯದೇವಕ್ಕೇ ಓಡಬೇಕಾಗಿಯೂ ಇಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುವ ವ್ಯವಸ್ಥೆಯಾಗಿದೆ.

ಏನನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ. ಎಲ್ಲವೂ ಎಲ್ಲರಿಗೂ ಅನ್ವಯಿಸುವುದಿಲ್ಲ, ನಿಮ್ಮದು ಯಾವುದೆಂದು ಗುರುತು ಹಾಕಿಕೊಳ್ಳಿ.

ಒಂದು, ರಕ್ತ ತೆಳುವಾಗಿಸುವ ಮಾತ್ರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಟಿಕಾಗ್ರೆಲರ್, ವಾರ್ಫರಿನ್, ಅಸಿಟ್ರೋಮ್, ಇವುಗಳಲ್ಲಿ ಯಾವುದು ನಡೆಯುತ್ತಿದೆ? ಇಕೋಸ್ಪ್ರಿನ್ ಗೋಲ್ಡ್‌ನಂಥ ಕ್ಯಾಪ್ಸೂಲಿನಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಕೊಲೆಸ್ಟರಾಲ್ ಮದ್ದು ಮೂರೂ ಸೇರಿರುತ್ತವೆ. “ನಾನು ನುಂಗುವುದು ಒಂದೇ ಮಾತ್ರೆ” ಎನ್ನುವವರು ಶೀಟಿನ ಹಿಂಬದಿ ಓದಬೇಕು.

ಎರಡು, ಉಪ್ಪಿನ ಲೆಕ್ಕ. ಕಾಲು ಊದುವವರಿಗೆ, ಬಿಪಿ ಇರುವವರಿಗೆ ಸೋಡಿಯಂ ಶತ್ರು. ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ನುಂಗುವವರಲ್ಲಿ ಪೊಟ್ಯಾಸಿಯಂ ಏರುವ ಭಯ. ಲ್ಯಾಸಿಕ್ಸ್, ಡೈಟರ್ ಥರದ ಮೂತ್ರ ಹೆಚ್ಚಿಸುವ ಮಾತ್ರೆಯವರಲ್ಲಿ ಅದೇ ಪೊಟ್ಯಾಸಿಯಂ ಇಳಿಯುವ ಭಯ.

ಮೂರು, ಎದೆಬಡಿತದ ಲಯ. ಹೊಟ್ಟೆಯ ಕೆಲವು ಮದ್ದುಗಳು ಹೃದಯದ ವಿದ್ಯುತ್ ಚಟುವಟಿಕೆಯನ್ನು ನಿಧಾನಗೊಳಿಸಿ ಲಯ ತಪ್ಪಿಸಬಲ್ಲವು. ಅಮಿಯೊಡರೋನ್, ಸೊಟಲಾಲ್, ರನೊಲಜೀನ್ ನುಂಗುವವರಿಗೆ ಇದು ದೊಡ್ಡ ವಿಷಯ.

ನಾಲ್ಕು, ಮೂತ್ರಪಿಂಡ. ಕ್ರಿಯಾಟಿನಿನ್ ಹೆಚ್ಚಿದೆ ಎಂದು ರಿಪೋರ್ಟಿನಲ್ಲಿ ಬಂದಿದ್ದರೆ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಸಿರಪ್ಪುಗಳು ದೇಹದಲ್ಲೇ ಉಳಿದುಬಿಡುತ್ತವೆ.

ಐದು, ತೊಂದರೆ ಎಷ್ಟು ಸಲ ಬರುತ್ತದೆ ಮತ್ತು ಜೇಬು ಏನು ಹೇಳುತ್ತದೆ. ಮದುವೆ ಊಟ ಉಂಡ ರಾತ್ರಿ ಮಾತ್ರ ಉರಿಯುವವರಿಗೂ ದಿನಾ ಉರಿಯುವವರಿಗೂ ಒಂದೇ ಮದ್ದಲ್ಲ.

ಹೃದಯದ ಮಾತ್ರೆಯೇ ಉರಿಸುತ್ತಿರಬಹುದು

ಆಯ್ಕೆಗಳಿಗೆ ಹೋಗುವ ಮೊದಲು ಡಬ್ಬಿಯನ್ನೇ ಒಮ್ಮೆ ಅನುಮಾನದಿಂದ ನೋಡಿ. ಆಸ್ಪಿರಿನ್ ಜಠರದ ಒಳಪದರದ ರಕ್ಷಣೆಯನ್ನು ಕುಗ್ಗಿಸುತ್ತದೆ. 75 ಮಿಲಿಗ್ರಾಮಿನ ಚಿಕ್ಕ ಮಾತ್ರೆಯೂ ಅದೇ ಕೆಲಸ ಮಾಡುತ್ತದೆ. ಕರುಳಿನಲ್ಲಿ ಕರಗುವ ಲೇಪನವಿದೆಯಲ್ಲ ಎಂದು ಸಮಾಧಾನ ಪಡುವಂತಿಲ್ಲ, ಏಕೆಂದರೆ ಆಸ್ಪಿರಿನ್ ರಕ್ತಕ್ಕೆ ಸೇರಿದ ಮೇಲೂ ಜಠರದ ಮೇಲೆ ಪರಿಣಾಮ ಬೀರುತ್ತದೆ. ಅಮ್ಲೋಡಿಪಿನ್, ನಿಫೆಡಿಪಿನ್ ಮತ್ತು ಐಸೊಸಾರ್ಬೈಡ್ ಗುಂಪಿನ ಎದೆನೋವಿನ ಮಾತ್ರೆಗಳು ಅನ್ನನಾಳದ ತಳದ ಸ್ನಾಯುವನ್ನು ಸಡಿಲಿಸುವುದರಿಂದ ಹುಳಿ ಮೇಲೆ ಬರುತ್ತದೆ. ವೆರಪಾಮಿಲ್, ರನೊಲಜೀನ್ ಮಲ ಗಟ್ಟಿಮಾಡುತ್ತವೆ. ನಿಕೊರಾಂಡಿಲ್ ಕೆಲವರಿಗೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಹುಣ್ಣು ತರುತ್ತದೆ, ಆ ಹುಣ್ಣು ಮಾತ್ರೆ ನಿಲ್ಲಿಸುವವರೆಗೂ ಯಾವ ಮುಲಾಮಿಗೂ ಬಗ್ಗುವುದಿಲ್ಲ. ರಕ್ತ ತೆಳುವಾಗಿಸುವ ಡಬಿಗಾಟ್ರಾನ್ ಹೊಟ್ಟೆಯುರಿಗೆ ಹೆಸರುವಾಸಿ. ಅದರ ಬದಲಿಗೆ ಅಪಿಕ್ಸಬಾನ್ ಆದೀತೇ ಎಂದು ಡಾಕ್ಟರನ್ನು ಕೇಳಬಹುದು.

ಡಿಗಾಕ್ಸಿನ್ ನುಂಗುವವರಿಗೆ ಇದ್ದಕ್ಕಿದ್ದಂತೆ ಊಟ ಸೇರದಿರುವುದು, ವಾಕರಿಕೆ, ವಾಂತಿ ಬಂದರೆ ಅದನ್ನು ಗ್ಯಾಸ್ ಎಂದುಕೊಳ್ಳಲೇಬೇಡಿ. ಆ ಮದ್ದು ರಕ್ತದಲ್ಲಿ ಮಿತಿಮೀರಿದಾಗ ಮೊದಲು ಕಾಣುವ ಲಕ್ಷಣಗಳಲ್ಲಿ ಇವು ಸೇರಿವೆ. ವಾಂತಿ ನಿಲ್ಲಿಸುವ ಮಾತ್ರೆ ಕೊಟ್ಟು ಮುಚ್ಚಿಹಾಕಿದರೆ ವಿಷ ಏರುತ್ತಲೇ ಹೋಗುತ್ತದೆ.

ಡಾಕ್ಟರ ಚೀಟಿಯಲ್ಲಿರದ ಇನ್ನೊಬ್ಬ ಅಪರಾಧಿಯೂ ಇದ್ದಾನೆ. ಮಂಡಿನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್. ಆಸ್ಪಿರಿನ್ ಜೊತೆ ಇವು ಸೇರಿದರೆ ಹುಣ್ಣು ಮತ್ತು ರಕ್ತಸ್ರಾವದ ಅಪಾಯ ಬಹಳ ಹೆಚ್ಚು. ಐಬುಪ್ರೊಫೆನ್ ಅಂತೂ ಆಸ್ಪಿರಿನ್ ಮಾಡುವ ಹೃದಯ ರಕ್ಷಣೆಗೇ ಅಡ್ಡಬರುತ್ತದೆ. ಇಂಥವರಿಗೆ ಬೇಕಾಗಿರುವುದು ಹೊಸ ಗ್ಯಾಸ್ ಮಾತ್ರೆಯಲ್ಲ. ನೋವಿನ ಮಾತ್ರೆ ಬಿಟ್ಟು ಪ್ಯಾರಾಸಿಟಮಾಲ್‌ಗೆ ಬಂದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಇಷ್ಟು ಓದಿ “ಹಾಗಾದರೆ ಆಸ್ಪಿರಿನ್ ನಾಲ್ಕು ದಿನ ಬಿಟ್ಟು ನೋಡೋಣ” ಎನ್ನಬೇಡಿ. ಹೊಸ ಸ್ಟೆಂಟ್ ಇರುವವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಾವಾಗಿ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಹೊಟ್ಟೆಯುರಿ ತಡೆದುಕೊಳ್ಳಬಹುದು, ಅದನ್ನು ತಡೆದುಕೊಳ್ಳಲಾಗದು.

ಈನೊ, ಡೈಜೀನ್, ಜೆಲುಸಿಲ್

ಬೇಗ ಕೆಲಸ ಮಾಡುವುದರಲ್ಲಿ ಇವಕ್ಕೆ ಸಾಟಿಯಿಲ್ಲ, ಅಗ್ಗವೂ ಹೌದು. ನಿಮಿಷಗಳಲ್ಲಿ ಉರಿ ಇಳಿಯುತ್ತದೆ, ಒಂದೆರಡು ಗಂಟೆಯಲ್ಲಿ ಪರಿಣಾಮವೂ ಇಳಿಯುತ್ತದೆ. ಆಸ್ಪಿರಿನ್‌ನಿಂದ ಹುಣ್ಣಾಗದಂತೆ ಇವು ಕಾಯುವುದಿಲ್ಲ.

ಇವೆಲ್ಲ ಒಂದೇ ಜಾತಿಯಲ್ಲ. ಈನೊದಂಥ ನೊರೆಯುಕ್ಕುವ ಪುಡಿಗಳ ತಿರುಳು ಅಡುಗೆ ಸೋಡವೇ. ಒಂದು ಗ್ರಾಂ ಅಡುಗೆ ಸೋಡದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇರುತ್ತದೆ. 5 ಗ್ರಾಮಿನ ಒಂದು ಪೊಟ್ಟಣ ಕುಡಿದರೆ ಅರ್ಧ ಗ್ರಾಮಿಗೂ ಹೆಚ್ಚು ಸೋಡಿಯಂ ಒಳಗೆ ಹೋಗುತ್ತದೆ. ದಿನಕ್ಕೆ 2 ಗ್ರಾಂ ಸೋಡಿಯಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರೋಗ್ಯವಂತರಿಗೇ. ಉಪ್ಪಿನಕಾಯಿ ಬಿಟ್ಟು, ಹಪ್ಪಳ ಬಿಟ್ಟು, ಸಪ್ಪೆ ಸಾರು ಉಣ್ಣುವ ಹೃದಯ ವೈಫಲ್ಯದ ರೋಗಿ ರಾತ್ರಿ ಎರಡು ಪೊಟ್ಟಣ ಕುಡಿದರೆ ದಿನವಿಡೀ ಮಾಡಿದ ಪಥ್ಯವೆಲ್ಲ ಲೋಟದಲ್ಲೇ ಕರಗಿತು. ಅವರಿಗೆ ಇದು ಬೇಡವೇ ಬೇಡ. ಬಿಪಿ ಹತೋಟಿಯಲ್ಲಿರುವವರು ಅಪರೂಪಕ್ಕೊಮ್ಮೆ ಕುಡಿದರೆ ಆಕಾಶ ಬೀಳುವುದಿಲ್ಲ.

ಡೈಜೀನ್, ಜೆಲುಸಿಲ್ ಥರದ ಸಿರಪ್ಪುಗಳಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಇರುತ್ತವೆ. ಮೊದಲನೆಯದು ಮಲ ಗಟ್ಟಿ ಮಾಡುತ್ತದೆ, ಎರಡನೆಯದು ಸಡಿಲ ಮಾಡುತ್ತದೆ. ಉಪ್ಪಿನ ವಿಷಯದಲ್ಲಿ ಇವು ಸೋಡಕ್ಕಿಂತ ವಾಸಿ, ಮೂತ್ರಪಿಂಡ ಕೆಟ್ಟವರಿಗೆ ಮಾತ್ರ ಬೇಡ. ಇನ್ನೊಂದು ಕಟ್ಟುಪಾಡು: ಕೊಲೆಸ್ಟರಾಲ್ ಮದ್ದಾದ ರೊಸುವಾಸ್ಟಾಟಿನ್ ಜೊತೆಗೇ ಈ ಸಿರಪ್ ಕುಡಿದರೆ ಆ ಮದ್ದು ರಕ್ತಕ್ಕೆ ಸೇರುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡಿಗಾಕ್ಸಿನ್ ಕೂಡ ಸರಿಯಾಗಿ ಹೀರಿಕೆಯಾಗುವುದಿಲ್ಲ. ಹೃದಯದ ಮಾತ್ರೆ ನುಂಗಿ ಎರಡು ಗಂಟೆ ಕಳೆದ ಮೇಲೆ ಸಿರಪ್ ಕುಡಿಯುವುದನ್ನು ರೂಢಿ ಮಾಡಿಕೊಂಡರೆ ಹೆಚ್ಚಿನ ತಲೆನೋವು ತಪ್ಪುತ್ತದೆ.

ರಾನಿಟಿಡಿನ್ ಹೋಯಿತು, ಫ್ಯಾಮೊಟಿಡಿನ್ ಉಳಿಯಿತು

ರಾಂಟ್ಯಾಕ್, ಜಿನೆಟ್ಯಾಕ್ ಹೆಸರಿನಲ್ಲಿ ಎರಡು ತಲೆಮಾರು ನುಂಗಿದ ಮಾತ್ರೆ ರಾನಿಟಿಡಿನ್. ಅದರಲ್ಲಿ ಕ್ಯಾನ್ಸರ್‌ಕಾರಕ ಎನ್ನಲಾದ ಎನ್‌ಡಿಎಂಎ ಕಶ್ಮಲ 2019ರಲ್ಲಿ ಪತ್ತೆಯಾಯಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದಲೇ ತೆಗೆಸಿತು. ಭಾರತದಲ್ಲಿ 2022ರ ಅಗತ್ಯ ಔಷಧಗಳ ಪಟ್ಟಿಯಿಂದ ಅದನ್ನು ಕೈಬಿಡಲಾಯಿತು. ಮನೆಯ ಡಬ್ಬಿಯಲ್ಲಿ ಹಳೆಯ ಶೀಟು ಇದ್ದರೆ ಅದನ್ನೇ ಮುಂದುವರಿಸಲು ನನಗೆ ಕಾರಣವೇನೂ ಕಾಣುವುದಿಲ್ಲ, ಏಕೆಂದರೆ ಅದೇ ಗುಂಪಿನ ಫ್ಯಾಮೊಟಿಡಿನ್ ಇದೆ.

ಫ್ಯಾಮೊಟಿಡಿನ್‌ನ ದೊಡ್ಡ ಗುಣವೆಂದರೆ ಕ್ಲೋಪಿಡೋಗ್ರೆಲ್ ಗೊಡವೆಗೆ ಅದು ಹೋಗುವುದಿಲ್ಲ. ಒಂದು ಗಂಟೆಯೊಳಗೆ ಕೆಲಸ ಶುರು, ರಾತ್ರಿಯಿಡೀ ಪರಿಣಾಮ. ವಾರಕ್ಕೊಂದೆರಡು ರಾತ್ರಿ ಎದೆಯುರಿ ಬರುವವರಿಗೆ ನಾನು ಮೊದಲು ಯೋಚಿಸುವುದು ಇದನ್ನೇ. ದಿನಾ ನುಂಗಿದರೆ ಕೆಲವೇ ವಾರಗಳಲ್ಲಿ ದೇಹ ಒಗ್ಗಿಕೊಂಡು ಶಕ್ತಿ ಕುಂದುತ್ತದೆ ಎಂಬುದು ದೋಷ. ಆಸ್ಪಿರಿನ್ ಹುಣ್ಣನ್ನು ತಡೆಯುವುದರಲ್ಲೂ ಮುಂದೆ ಹೇಳುವ ಮಾತ್ರೆಗಳಷ್ಟು ಗಟ್ಟಿಯಲ್ಲ. ಮೂತ್ರಪಿಂಡ ದುರ್ಬಲವಾದ ವೃದ್ಧರಿಗೆ ಡೋಸ್ ಇಳಿಸದಿದ್ದರೆ ಮಂಕು, ಗೊಂದಲ ಬರಬಹುದು. ಇದೇ ಗುಂಪಿನ ಸಿಮೆಟಿಡಿನ್ ಮಾತ್ರ ವಾರ್ಫರಿನ್ ಸೇರಿದಂತೆ ಹಲವು ಮದ್ದುಗಳನ್ನು ರಕ್ತದಲ್ಲಿ ಏರಿಸುತ್ತದೆ, ದೂರವಿಡಿ.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್

ಡಾಕ್ಟರುಗಳು ಪಿಪಿಐ ಎನ್ನುವ ಗುಂಪು ಇದು. ಒಮೆಜ್ ಎಂದರೆ ಒಮೆಪ್ರಜೋಲ್, ಪ್ಯಾನ್ ಎಂದರೆ ಪ್ಯಾಂಟೊಪ್ರಜೋಲ್. ಆಮ್ಲ ಹುಟ್ಟುವ ಜಾಗವನ್ನೇ ಮುಚ್ಚುತ್ತವೆ. ಪೂರ್ತಿ ಪರಿಣಾಮಕ್ಕೆ ಮೂರ್ನಾಲ್ಕು ದಿನ ಬೇಕು. ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು, ಊಟವಾದ ಮೇಲೆ ನುಂಗಿ “ಇದು ಕೆಲಸ ಮಾಡುವುದಿಲ್ಲ” ಎನ್ನುವವರೇ ಹೆಚ್ಚು.

ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ನುಂಗುವವರಿಗೆ ಈ ಗುಂಪಿನ ಮಾತ್ರೆ ಬರೀ ಉರಿ ತಣಿಸಲು ಅಲ್ಲ, ರಕ್ತಸ್ರಾವ ತಡೆಯಲು. ಎರಡೂ ನುಂಗುವವರಿಗೆಲ್ಲ ಪಿಪಿಐ ಕೊಡಿ ಎಂದು ಯುರೋಪಿನ ಹೃದ್ರೋಗ ತಜ್ಞರ ಸಂಘದ 2017ರ ಮಾರ್ಗಸೂಚಿಯೇ ಹೇಳುತ್ತದೆ. ಉರಿ ಇಲ್ಲವಲ್ಲ, ಸುಮ್ಮನೆ ಯಾಕೆ ಎಂದು ಇದನ್ನು ಬಿಡುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಹಾಗಾದರೆ ಯಾವುದು? ಕ್ಲೋಪಿಡೋಗ್ರೆಲ್ ನುಂಗಿದಾಗ ಅದು ಇನ್ನೂ ಮದ್ದಾಗಿರುವುದಿಲ್ಲ. ಯಕೃತ್ತಿನ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಮದ್ದಾಗಿ ಮಾರ್ಪಡಿಸಬೇಕು. ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಅದೇ ಕಿಣ್ವವನ್ನು ತಡೆಹಿಡಿಯುತ್ತವೆ. ಈ ಜೋಡಿ ಬೇಡ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಎಚ್ಚರಿಸಿತು. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ನುಂಗಿದರೂ ಇದು ಬಗೆಹರಿಯುವುದಿಲ್ಲ.

ಪ್ರಾಮಾಣಿಕವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಕೊಜೆಂಟ್ ಎಂಬ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸುಮಾರು 3,700 ಮಂದಿಗೆ ಕ್ಲೋಪಿಡೋಗ್ರೆಲ್ ಜೊತೆ ಒಮೆಪ್ರಜೋಲ್ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದಾಗ, ಹೊಟ್ಟೆಯ ರಕ್ತಸ್ರಾವದಂಥ ತೊಂದರೆ ಒಮೆಪ್ರಜೋಲ್ ಪಡೆದವರಲ್ಲಿ 1.1 ಶೇಕಡಾ, ಪಡೆಯದವರಲ್ಲಿ 2.9 ಶೇಕಡಾ. ಹೃದಯಾಘಾತಗಳು ಹೆಚ್ಚಾಗಲಿಲ್ಲ. ಆದರೆ ಹಣವಿಲ್ಲದೆ ಆ ಅಧ್ಯಯನ ಅರ್ಧಕ್ಕೇ ನಿಂತದ್ದರಿಂದ ಕೊನೆಯ ಮಾತು ಅದು ಹೇಳಲಾಗಲಿಲ್ಲ. ಹಾಗಾಗಿ ಆರು ತಿಂಗಳಿಂದ ಒಮೆಜ್ ಜೊತೆ ಕ್ಲೋಪಿಡೋಗ್ರೆಲ್ ನುಂಗುತ್ತಿದ್ದೆ ಎಂದು ಗಾಬರಿ ಬೀಳುವ ಅಗತ್ಯವಿಲ್ಲ. ಮುಂದಿನ ಶೀಟು ಕೊಳ್ಳುವಾಗ ಡಾಕ್ಟರನ್ನು ಕೇಳಿ ಪ್ಯಾಂಟೊಪ್ರಜೋಲ್‌ಗೆ ಬದಲಾಯಿಸಿದರೆ ಸಾಕು. ಆ ಕಿಣ್ವದ ಮೇಲೆ ಅದರ ಹಿಡಿತ ಬಹಳ ಸಡಿಲ. ಹುಟ್ಟಿನಿಂದಲೇ ಈ ಕಿಣ್ವ ಮಂದವಾಗಿರುವವರು ನಮ್ಮಲ್ಲಿ ಕಡಿಮೆಯೇನಿಲ್ಲ, ಅವರಿಗೆ ಮತ್ತೊಂದು ಅಡ್ಡಿ ಯಾಕೆ ಬೇಕು ಎಂಬುದು ನನ್ನ ವಾದ. ಕ್ಲೋಪಿಡೋಗ್ರೆಲ್ ಇಲ್ಲದೆ ಬರೀ ಆಸ್ಪಿರಿನ್, ಅಥವಾ ಟಿಕಾಗ್ರೆಲರ್, ಪ್ರಸುಗ್ರೆಲ್ ನುಂಗುವವರಿಗೆ ಈ ತಕರಾರಿಲ್ಲ, ಒಮೆಪ್ರಜೋಲ್ ಆದರೂ ನಡೆಯುತ್ತದೆ.

ಬೆಲೆಯಲ್ಲಿ ಒಮೆಪ್ರಜೋಲ್ ಅಗ್ಗ ಎಂಬ ಕಾರಣಕ್ಕೆ ಅದಕ್ಕೇ ಅಂಟಿಕೊಂಡವರಿದ್ದಾರೆ. ಜನೌಷಧಿ ಕೇಂದ್ರದಲ್ಲಿ ಪ್ಯಾಂಟೊಪ್ರಜೋಲ್ 40 ಬ್ರಾಂಡ್ ಬೆಲೆಯ ಅರ್ಧಕ್ಕಿಂತಲೂ ಕಡಿಮೆಗೆ ಸಿಗುತ್ತದೆ, ಆ ಕಾರಣ ಈಗ ಉಳಿದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಟ್ಟದ್ದು ಯಾವುದು ಎಂದು ಶೀಟಿನ ಮೇಲಿನ ಹೆಸರು ಓದಿ ನೋಡಿ.

ವರ್ಷಗಟ್ಟಲೆ ನುಂಗುವವರು ಗಮನಿಸಬೇಕಾದದ್ದು ಮೆಗ್ನೀಸಿಯಂ. ಈ ಗುಂಪಿನ ಮಾತ್ರೆಗಳು ದೀರ್ಘಕಾಲದಲ್ಲಿ ಅದನ್ನು ಇಳಿಸುತ್ತವೆ ಎಂದು 2011ರಲ್ಲಿ ಎಫ್‌ಡಿಎ ಎಚ್ಚರಿಸಿದೆ. ಜೊತೆಗೆ ಲ್ಯಾಸಿಕ್ಸ್ ಇದ್ದರೆ ಎರಡೂ ಸೇರಿ ಇಳಿಸುತ್ತವೆ, ಡಿಗಾಕ್ಸಿನ್ ಬೇರೆ ಇದ್ದರೆ ಎದೆಬಡಿತ ತಪ್ಪುವ ಅಪಾಯವಿದೆ. ವರ್ಷಕ್ಕೊಮ್ಮೆ ಮೆಗ್ನೀಸಿಯಂ, ಬಿ12 ನೋಡಿಸುವ ಬಗ್ಗೆ ಕೇಳಿ. ಹಿಂದೆ ಹುಣ್ಣಾಗಿದ್ದವರು ಎಚ್. ಪೈಲೋರಿ ಬ್ಯಾಕ್ಟೀರಿಯಾ ಪರೀಕ್ಷೆಯನ್ನೂ ಕೇಳಬೇಕು. ಅದರ ಚಿಕಿತ್ಸೆಗೆ ಕೊಡುವ ಕ್ಲಾರಿಥ್ರೊಮೈಸಿನ್ ಅಟೊರ್ವಾಸ್ಟಾಟಿನ್, ಟಿಕಾಗ್ರೆಲರ್ ಎರಡಕ್ಕೂ ಹೊಂದುವುದಿಲ್ಲ. ನಿಮ್ಮ ಹೃದಯದ ಮಾತ್ರೆಗಳ ಪಟ್ಟಿ ಹೊಟ್ಟೆಯ ಡಾಕ್ಟರ ಮುಂದಿರಲಿ.

ಹೆಸರಿನ ಬಾಲದಲ್ಲಿರುವ ಡಿ, ಡಿಎಸ್‌ಆರ್, ಎಲ್

ಈಗ ಅಪ್ಪಾಜಿಯ ಶೀಟಿಗೆ ಬರೋಣ. ಪ್ಯಾನ್ ಬೇರೆ, ಪ್ಯಾನ್-ಡಿ ಬೇರೆ. ಡಿ ಅಂದರೆ ಡಾಂಪೆರಿಡೋನ್. ಹೊಟ್ಟೆ ಬೇಗ ಖಾಲಿಯಾಗಲಿ, ವಾಕರಿಕೆ ನಿಲ್ಲಲಿ ಎಂದು ಸೇರಿಸುವ ಮದ್ದು. ಉಬ್ಬರಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ ಜನ ಬಾಯಿಬಿಟ್ಟು ಕೇಳಿ ತಗೊಳ್ಳುತ್ತಾರೆ. ಆದರೆ ಹೃದಯದ ಲಯದ ಮೇಲೆ ಇದರ ಕಣ್ಣಿದೆ. 2014ರಲ್ಲಿ ಯುರೋಪಿನ ಔಷಧ ಸಂಸ್ಥೆ ಇದನ್ನು ವಾಕರಿಕೆ, ವಾಂತಿಗೆ ಮಾತ್ರ, ದಿನಕ್ಕೆ 30 ಮಿಲಿಗ್ರಾಂ ಮೀರದಂತೆ, ಒಂದು ವಾರಕ್ಕಿಂತ ಹೆಚ್ಚಿಲ್ಲದಂತೆ ಎಂದು ಕಟ್ಟಿಹಾಕಿತು. ಹೃದಯ ವೈಫಲ್ಯ, ಲಯದ ತೊಂದರೆ ಇರುವವರಿಗೆ ಬೇಡವೇ ಬೇಡ ಎಂದಿತು. 60 ದಾಟಿದವರಲ್ಲಿ ಅಪಾಯ ಹೆಚ್ಚು ಎಂದೂ ಹೇಳಿತು. ನಮ್ಮಲ್ಲಿ ಮಾರಾಟವಾಗುವ, ಡಾಂಪೆರಿಡೋನ್ ನಿಧಾನವಾಗಿ ಬಿಡುಗಡೆಯಾಗುವ ಡಿಎಸ್‌ಆರ್ ಕ್ಯಾಪ್ಸೂಲ್ ಒಂದರಲ್ಲೇ ಆ 30 ಮಿಲಿಗ್ರಾಂ ಇರುತ್ತದೆ, ಜನ ಅದನ್ನು ತಿಂಗಳುಗಟ್ಟಲೆ ನುಂಗುತ್ತಾರೆ.

ಬಾಲದಲ್ಲಿ ಎಲ್ ಎಂದಿದ್ದರೆ ಲೆವೊಸಲ್ಪಿರೈಡ್ ಇದ್ದೀತು. ಲಯದ ಬಗ್ಗೆ ಅದಕ್ಕೂ ಎಚ್ಚರ ಬೇಕು, ಜೊತೆಗೆ ವಯಸ್ಸಾದವರಲ್ಲಿ ಕೈ ನಡುಕ, ಬಿಗಿತ ತರಬಹುದು. ಹೃದ್ರೋಗಿಗೆ ಬಾಲವಿಲ್ಲದ ಪ್ಯಾಂಟೊಪ್ರಜೋಲ್ ಸಾಕು ಎಂಬುದು ನನ್ನ ಅಭಿಪ್ರಾಯ. ಡಾಕ್ಟರೇ ಡಿ ಬರೆದಿದ್ದರೆ ಎಷ್ಟು ದಿನಕ್ಕೆ ಎಂದು ಕೇಳಿ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೊಳ್ಳಬೇಡಿ.

ಭೇದಿಯಾದಾಗ

ಇಲ್ಲಿ ಆಯ್ಕೆಗಿಂತ ಸಮಯ ಮುಖ್ಯ. ಭೇದಿ, ವಾಂತಿಯಿಂದ ದೇಹ ಒಣಗಿದಾಗ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆ, ಸ್ಪೈರೊನೊಲ್ಯಾಕ್ಟೋನ್ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಸಕ್ಕರೆ ಕಾಯಿಲೆಗೂ ಹೃದಯ ವೈಫಲ್ಯಕ್ಕೂ ಕೊಡುವ ಡಪಾಗ್ಲಿಫ್ಲೋಜಿನ್ ನುಂಗಿ ಊಟ ಬಿಟ್ಟರೆ ರಕ್ತದಲ್ಲಿ ಆಮ್ಲ ಏರಬಹುದು. ಮೊದಲ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಯಾವುದನ್ನು ಎರಡು ದಿನ ತಡೆಹಿಡಿಯಲಿ ಎಂದು ಕೇಳಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಈ ಪಟ್ಟಿಯಲ್ಲಿಲ್ಲ. ಅವೂ ವಾಂತಿಯಾಗಿ ಹೋಗುತ್ತಿದ್ದರೆ ಅದೇ ಆಸ್ಪತ್ರೆಗೆ ಹೋಗಲು ಕಾರಣ.

ಓಆರ್‌ಎಸ್ ಮೊದಲ ಆಯ್ಕೆ. ಒಂದು ಲೀಟರಿನಲ್ಲಿ ಸುಮಾರು 1.7 ಗ್ರಾಂ ಸೋಡಿಯಂ ಇರುವುದು ನಿಜ, ಆದರೆ ಅದು ಕಳೆದುಹೋದ ಉಪ್ಪನ್ನು ತುಂಬಲು. ನೀರು ಅಳೆದು ಕುಡಿಯುವ ಹೃದಯ ವೈಫಲ್ಯದವರು ಮಾತ್ರ ಎಷ್ಟು ಕುಡಿಯಬೇಕು ಎಂದು ಕೇಳಿಯೇ ಕುಡಿಯಲಿ. ಡಬ್ಲ್ಯುಎಚ್‌ಒ ಸೂತ್ರ ಎಂದು ಬರೆದ ಪುಡಿಯನ್ನೇ ಕೊಳ್ಳಿ. ಸಿಹಿ ಪಾನೀಯಗಳು ಓಆರ್‌ಎಸ್ ಎಂದು ಹೆಸರಿಟ್ಟುಕೊಳ್ಳುವುದನ್ನು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ತಡೆದದ್ದು ಸುಮ್ಮನೆ ಅಲ್ಲ.

ಲೋಪೆರಮೈಡ್ ಹೇಳಿದ ಡೋಸಿನಲ್ಲಿ ಒಂದೆರಡು ದಿನಕ್ಕೆ ಪರವಾಗಿಲ್ಲ. ಡೋಸ್ ಮೀರಿದರೆ ಎದೆಬಡಿತ ಕೆಡಿಸುತ್ತದೆ. ಜ್ವರ, ರಕ್ತ ಇದ್ದರೆ ಬೇಡ. ಕ್ಷೇಮ ಎಂದು ಹೆಸರಾದ ರೇಸೆಕಾಡೋಟ್ರಿಲ್ ಇದೆ. ಅದು ರಾಮಿಪ್ರಿಲ್, ಎನಲಾಪ್ರಿಲ್ ನುಂಗುವವರಲ್ಲಿ ತುಟಿ, ನಾಲಗೆ, ಗಂಟಲು ಊದಿಸುವ ಅಪಾಯವಿದೆ, ಅಂಥವರಿಗೆ ಕೊಡಬಾರದು. ನಾರ್‌ಫ್ಲಾಕ್ಸ್-ಟಿಜೆಡ್ ಎಂದು ಕೇಳಿ ಪಡೆಯುವ ಆಂಟಿಬಯಾಟಿಕ್, ಮೆಟ್ರೊಜಿಲ್, ಎರಡೂ ವಾರ್ಫರಿನ್, ಅಸಿಟ್ರೋಮ್ ಪ್ರಭಾವವನ್ನು ಹೆಚ್ಚಿಸುತ್ತವೆ. ವಾಲ್ವ್ ಬದಲಾಯಿಸಿಕೊಂಡವರು ಇವನ್ನು ಡಾಕ್ಟರ ಮಾತಿಲ್ಲದೆ ನುಂಗಬಾರದು. ನುಂಗಬೇಕಾಗಿಯೇ ಬಂದರೆ ಮೂರ್ನಾಲ್ಕು ದಿನದಲ್ಲಿ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಸುವ ಪರೀಕ್ಷೆ) ನೋಡಿಸಬೇಕು.

ಮಲ ಕಟ್ಟಿದಾಗ

ತಿಣುಕುವುದು ಹೃದ್ರೋಗಿಗೆ ಒಳ್ಳೆಯದಲ್ಲ, ಹಾಗಾಗಿ ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ. ಇಸಬ್‌ಗೋಲ್ ಅಗ್ಗ, ಕೊಲೆಸ್ಟರಾಲನ್ನೂ ಸ್ವಲ್ಪ ಇಳಿಸುತ್ತದೆ, ಬೇರೆ ಮಾತ್ರೆಗಳಿಂದ ಎರಡು ಗಂಟೆ ದೂರವಿಟ್ಟರೆ ಸಾಕು. ಅದಕ್ಕೆ ತುಂಬ ನೀರು ಬೇಕು. ದಿನಕ್ಕೆ ಒಂದೂವರೆ ಲೀಟರ್ ನೀರು ಮೀರಬೇಡಿ ಎಂದು ಹೇಳಿಸಿಕೊಂಡವರಿಗೆ ಅದು ಒಳಗೇ ಗಟ್ಟಿಯಾಗಿ ಕೂರುತ್ತದೆ. ಅವರಿಗೆ ಲ್ಯಾಕ್ಟುಲೋಸ್ ಸಿರಪ್ ವಾಸಿ, ಬೆಲೆ ಹೆಚ್ಚು, ಮೊದಲ ಕೆಲವು ದಿನ ಉಬ್ಬರ ಇರುತ್ತದೆ. ಲಿಕ್ವಿಡ್ ಪ್ಯಾರಾಫಿನ್, ಮೆಗ್ನೀಸಿಯಾ ಸೇರಿದ ಬಿಳಿ ಸಿರಪ್ಪುಗಳು ಮೂತ್ರಪಿಂಡ ಕೆಟ್ಟವರಿಗೆ ಬೇಡ. ಸೋನಾಮುಖಿ ಇರುವ ಚೂರ್ಣವನ್ನು ದಿನಾ ನುಂಗಿದರೆ ಪೊಟ್ಯಾಸಿಯಂ ಸೋರಿಹೋಗುತ್ತದೆ. ಲ್ಯಾಸಿಕ್ಸ್, ಡಿಗಾಕ್ಸಿನ್ ಇರುವವರು ಇದನ್ನು ನೆನಪಿಡಬೇಕು.

ಅಡುಗೆಮನೆಯ ಮದ್ದು

ಜೀರಿಗೆ ಕಷಾಯ, ಓಂಕಾಳು ನೀರು, ಒಗ್ಗರಣೆಯ ಇಂಗು, ಉಪ್ಪು ಹಾಕದ ನೀರುಮಜ್ಜಿಗೆ, ಅಡುಗೆಯಲ್ಲಿ ಹಾಕುವಷ್ಟು ಶುಂಠಿ: ಯಾವ ಹೃದ್ರೋಗಿಗೂ ಇವುಗಳಿಂದ ಭಯವಿಲ್ಲ. ಸೈಂಧವ ಲವಣ, ಕಪ್ಪುಪ್ಪು ಹಾಕಿದರೆ ಅದೂ ಸೋಡಿಯಂ ಲೆಕ್ಕಕ್ಕೇ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಅಪಾಯ. ಎಳನೀರೂ ಹಾಗೆಯೇ. 100 ಮಿಲಿಲೀಟರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಹೊಟ್ಟೆ ತಂಪಾಗಲಿ ಎಂದು ದಿನಕ್ಕೆರಡು ಕುಡಿಯುವ ಮೊದಲು ಪೊಟ್ಯಾಸಿಯಂ ರಿಪೋರ್ಟ್ ನೋಡಿಸಿ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಅತಿಮಧುರ, ಜೇಷ್ಠಮಧು ಎಂದೂ ಕರೆಯುತ್ತಾರೆ. ಆಮ್ಲಪಿತ್ತಕ್ಕೆ ಕೊಡುವ ಎಷ್ಟೋ ಚೂರ್ಣ, ಮಾತ್ರೆಗಳಲ್ಲಿ ಇದು ಇರುತ್ತದೆ, ಹೊಟ್ಟೆಗೆ ಹಿತವೂ ಹೌದು. ಹೆಚ್ಚು ದಿನ ತಗೊಂಡರೆ ದೇಹದಲ್ಲಿ ಉಪ್ಪು ನಿಲ್ಲಿಸಿ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಆಯುರ್ವೇದ ವೈದ್ಯರ ಬಳಿ ಹೋದರೆ ಹೃದಯದ ಮಾತ್ರೆಗಳನ್ನು ಮೇಜಿನ ಮೇಲಿಟ್ಟೇ ಮಾತು ಶುರುಮಾಡಿ.

ದುಡ್ಡಿಲ್ಲದೆ ಆಗುವ ಕೆಲಸಗಳೂ ಇವೆ. ರಾತ್ರಿಯೂಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ, ಎಡಮಗ್ಗುಲಲ್ಲಿ ಮಲಗುವುದು, ಮಂಚದ ತಲೆಭಾಗದ ಕಾಲುಗಳ ಕೆಳಗೆ ಆರರಿಂದ ಎಂಟು ಅಂಗುಲದ ಮರದ ತುಂಡು. ದಿಂಬು ಹೆಚ್ಚಿಸಿದರೆ ಹೊಟ್ಟೆ ಮಡಚಿ ಇನ್ನಷ್ಟು ಉರಿಯುತ್ತದೆ, ಎತ್ತರಿಸಬೇಕಾದದ್ದು ಮಂಚವನ್ನೇ.

ನಿಮ್ಮದು ಯಾವ ಸಾಲು

ಹೊಸ ಸ್ಟೆಂಟ್, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇದ್ದರೆ ದಿನಾ ಬೆಳಿಗ್ಗೆ ಬಾಲವಿಲ್ಲದ ಪ್ಯಾಂಟೊಪ್ರಜೋಲ್, ನಡುವೆ ಉರಿದರೆ ಜೆಲುಸಿಲ್ ಥರದ್ದು. ಬರೀ ಆಸ್ಪಿರಿನ್, ವಯಸ್ಸು ಚಿಕ್ಕದು, ಹಿಂದೆ ಹುಣ್ಣಾಗಿಲ್ಲ, ಅಪರೂಪಕ್ಕೆ ಉರಿ ಎಂದಾದರೆ ಫ್ಯಾಮೊಟಿಡಿನ್. ಬರೀ ಆಸ್ಪಿರಿನ್ ಇದ್ದರೂ ವಯಸ್ಸಾಗಿದ್ದರೆ, ಹಿಂದೆ ಹುಣ್ಣಾಗಿದ್ದರೆ ಪಿಪಿಐ ಬೇಕಾಗುತ್ತದೆ. ಹೃದಯ ವೈಫಲ್ಯದವರು ಈನೊ, ಅಡುಗೆ ಸೋಡ, ಡಿ ಬಾಲದ ಮಾತ್ರೆ ಮೂರನ್ನೂ ಮರೆತುಬಿಡಿ. ವಾರ್ಫರಿನ್, ಅಸಿಟ್ರೋಮ್ ಇರುವವರು ಹೊಟ್ಟೆಗೆ ಹೊಸದೇನು ಶುರುಮಾಡಿದರೂ, ಊಟ ಬಿಟ್ಟರೂ ಐಎನ್‌ಆರ್ ನೋಡಿಸಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಸಿರಪ್ಪುಗಳಿಗಿಂತ ಪ್ಯಾಂಟೊಪ್ರಜೋಲ್ ಸುಲಭ.

ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿ ಹೋದರೆ, ವಾಂತಿ ಕಾಫಿ ಗಷ್ಟಿನಂತಿದ್ದರೆ, ನುಂಗುವಾಗ ಅನ್ನ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಮೇಲಿನ ಯಾವ ಆಯ್ಕೆಯೂ ನಿಮಗಲ್ಲ. ಮೊದಲೆರಡು ಲಕ್ಷಣಗಳಿಗೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆಯೂ ಮಲವನ್ನು ಕಪ್ಪಾಗಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಇರುವಾಗ ಅದನ್ನು ನೀವೇ ತೀರ್ಮಾನಿಸಬೇಡಿ.

ಕ್ಲೋಪಿಡೋಗ್ರೆಲ್ ಅನ್ನು ಸಾಮಾನ್ಯವಾಗಿ ಆರು ತಿಂಗಳಿಗೋ ವರ್ಷಕ್ಕೋ ಡಾಕ್ಟರೇ ನಿಲ್ಲಿಸುತ್ತಾರೆ. ಅಂದು ಪ್ಯಾಂಟೊಪ್ರಜೋಲ್ ಕೂಡ ನಿಲ್ಲಿಸಬಹುದೇ ಎಂದು ಕೇಳಲು ಮರೆಯಬೇಡಿ, ಅದು ಅಭ್ಯಾಸಬಲದಿಂದ ವರ್ಷಗಟ್ಟಲೆ ಚೀಟಿಯಲ್ಲಿ ಉಳಿದುಬಿಡುತ್ತದೆ. ನಿಲ್ಲಿಸಿ ಎಂದರೆ ಒಮ್ಮೆಗೇ ಬಿಡದೆ ಡೋಸ್ ಅರ್ಧ ಮಾಡಿ, ಆಮೇಲೆ ದಿನ ಬಿಟ್ಟು ದಿನ ನುಂಗಿ ಇಳಿಸಬಹುದು. ಒಮ್ಮೆಗೇ ಬಿಟ್ಟರೆ ಎರಡು ಮೂರು ವಾರ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕುತ್ತದೆ. ಕಾಯಿಲೆ ಮರಳಿತು ಎಂದು ಹೆದರಿ ಜನ ಮತ್ತೆ ಶುರುಮಾಡುವುದು ಆಗಲೇ. ಆ ವಾರಗಳಿಗೆ ಜೆಲುಸಿಲ್ ಅಥವಾ ಫ್ಯಾಮೊಟಿಡಿನ್ ಹತ್ತಿರವಿಟ್ಟುಕೊಂಡರೆ ದಾಟಬಹುದು.